ಹಿತ್ತಲ ಹೊಂಡದ ಅಡ್ಡಗೋಡೆ

ಸಿಂದಗಿ, ೭ ಜೂನ್ ೧೯೭೪

ತಮ್ಮ ರಾವಸಾಬನಿಗೆ ಹುಚ್ಚು ಹಿಡಿದಿದೆ. ಇಂದು ತುತ್ತು ಬಾಯಲ್ಲಿ ಇರುವಾಗಲೇ, ಹಿತ್ತಲ ಹೊಂಡವನ್ನೂ ಅದರ ಪಕ್ಕದ ಹೊರ ಅಡಿಗೆಮನೆಯನ್ನೂ ಹೊಸದಾಗಿ ಮಾಡಿಸುತ್ತೇನೆ ಎಂದ. ಸೊಲ್ಲಾಪುರದಲ್ಲಿ ಯಾವನೋ ಗಿರಣಿ ಮಾಲೀಕನ ಬಂಗಲೆಗೆ ಹೋಗಿದ್ದನಂತೆ. ಅಲ್ಲಿ ನೀಲಿ ಬಣ್ಣದ ಹೊಂಡ, ದಂಡೆಯ ಮೇಲೆ ಅಡಿಗೆ, ಸುತ್ತ ಕುರ್ಚಿಗಳು. ಬೀಗರು, ಗೆಳೆಯರು, ಸಾಹೇಬರು ಈಜುತ್ತಾರೆ, ತಿನ್ನುತ್ತಾರೆ, ನಗುತ್ತಾರೆ.

“ನಾಕ ಮಂದಿ ಬರೂ ಮನಿ ಅಕ್ಕ ಇದು. ನಮ್ಮ ಹೊಂಡ ನೋಡಿದ್ರ ಎಮ್ಮಿ ಸೈತ ಮಾರಿ ತಿರುವತಾವ.”

“ತಿರುವಲಿ. ಎಮ್ಮಿ ಯಾರ ಮುಂದೂ ಕಂತ್ರಾಟ ಕೊಡ್ರಿ ಅಂತ ಕೈ ಒಡ್ಡಾಂಗಿಲ್ಲ,” ಎಂದೆ.

ಅವನ ಹೆಂಡತಿ ಚಂದವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಅವಳು ಕೆಮ್ಮದೆ ಇರುವ ಹೊತ್ತಾದರೂ ಯಾವುದು? ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಸಾಲೆಗಳಲ್ಲಿ ಮಕ್ಕಳ ಗದ್ದಲ ಕೇಳಿ ಕೇಳಿ ಸಾಕಾಗಿ, ಗಂಡನೂ ಇಲ್ಲದೆ ನಿವೃತ್ತಳಾಗಿ ತಂದೆಯ ಈ ವಾಡೆಗೆ ಬಂದೆ. ಒಂದು ಪುಸ್ತಕ ನೆಮ್ಮದಿಯಿಂದ ಓದೋಣವೆಂದರೆ ಪುಟಪುಟಕ್ಕೂ ಅವಳ ಕೆಮ್ಮು.

ಹೋದ ವರ್ಷ ಬರಗಾಲದ ಕಾಮಗಾರಿಯಲ್ಲಿ ಈ ಸೀಮೆಯ ಹೆಂಗಸರು ಬಿಸಿಲಲ್ಲಿ ಕೂತು ರಸ್ತೆಗೆ ಖಡಿ ಕಲ್ಲು ಒಡೆದರು. ಆ ರಸ್ತೆಯ ಕಂತ್ರಾಟು ಇವನದೇ. ರಸ್ತೆ ಆಗಲೇ ಕಿತ್ತುಹೋಗಿದೆ. ಇವನ ಹಿತ್ತಲಿಗೆ ನೀಲಿ ಹೊಂಡ ಬರುತ್ತದೆ. ಇದನ್ನು ಪತ್ರಿಕೆಗೆ ಬರೆಯಬೇಕು. ತಮ್ಮನಾದ್ದರಿಂದ ಈ ದಿನಚರಿಗೆ ಬರೆದು ಸುಮ್ಮನಾಗುತ್ತಿದ್ದೇನೆ.

ನಾನು ಹಾಕಿದ್ದು ಒಂದೇ ಶರತ್ತು. ಹೊಂಡಕ್ಕೂ ಅಡಿಗೆಮನೆಗೂ ನಡುವೆ ಇರುವ ಅಡ್ಡಗೋಡೆಯನ್ನು ಮುಟ್ಟಕೂಡದು. ಅದು ನಮ್ಮ ಅಜ್ಜ ಕಟ್ಟಿಸಿದ್ದು. ಪಡುವಣಕ್ಕೆ ಹೊಂಡ, ಗಂಡಸರು, ಅತಿಥಿಗಳು. ಮೂಡಣಕ್ಕೆ ಒಲೆ, ಹೆಂಗಸರು. ನಡುವೆ ಒಂದು ಕಿಂಡಿ, ಅದರೊಳಗಿಂದ ತಾಟು ಹೋಗುತ್ತದೆ, ಖಾಲಿ ತಾಟು ಬರುತ್ತದೆ. ನಾನು ಚಿಕ್ಕವಳಿದ್ದಾಗ ಮಾಮಲೇದಾರರನ್ನು ಕಂಡಿದ್ದು ಆ ಕಿಂಡಿಯಲ್ಲೇ, ಅದೂ ಬರೀ ಕೈ, ಕೆಂಪು ಹರಳಿನ ಉಂಗುರ. ಆ ಮನುಷ್ಯನಿಗೆ ಮೀಸೆ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ಮನೆತನದ ಮರ್ಯಾದೆ ಎಂದರೆ ಅದು.

೧೯ ಜೂನ್

ಹೊಂಡದ ನೀರು ತೆಗೆದರು. ಇಂಥ ಹೊಲಸನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹಸಿರು ಲೋಳೆ, ಅದರ ಕೆಳಗೆ ಕಪ್ಪು ಕೆಸರು, ಕೆಸರಿನಲ್ಲಿ ಒಡೆದ ಬಾಟಲಿ, ಸಾಬೂನಿನ ಚೂರು, ಯಾರದೋ ಒಂಟಿ ಚಪ್ಪಲಿ, ಉಬ್ಬಿದ ಹೆಗ್ಗಣ. ರಾವಸಾಬ ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಸೋರೆ ಬುರುಡೆಯ ಚಿಪ್ಪೂ ಸಿಕ್ಕಿತು. ಅವನು ಅದನ್ನು ಎತ್ತಿ ಹಿಡಿದು ಕುಣಿದಾಡಿದ. ನಾನು ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದೆ. ಮನೆಯ ಹುಡುಗಿಯರನ್ನು ಆ ಹೊಂಡಕ್ಕೆ ಬಿಡುತ್ತಿರಲಿಲ್ಲ. ಒಳ್ಳೆಯದೇ ಆಯಿತು.

ವಾಸನೆ ಕೋಣೆಯವರೆಗೂ ಬಂದಿದೆ. ಊಟ ಬಿಟ್ಟೆ.

೨ ಜುಲೈ

ಗೋಡೆ ಹೋಯಿತು.

ಮಧ್ಯಾಹ್ನ ಮಲಗಿ ಎದ್ದು ಬರುವಷ್ಟರಲ್ಲಿ ಗೌಂಡಿ ದಸ್ತಗೀರಸಾಬ ಅರ್ಧ ಕೆಡವಿಬಿಟ್ಟಿದ್ದ. “ಬುಡಾ ಹಸಿ ಹಿಡದಿತ್ರಿ ಬಾಯಾರ. ಇವತ್ತ ನಾವು ಕೆಡವಿದ್ವಿ, ಇಲ್ಲಂದ್ರ ನಾಳೆ ಅದ ನಮ್ಮನ್ನ ಕೆಡವತಿತ್ತು,” ಎಂದು ಹಲ್ಲು ಕಿರಿದ. ಈ ಮನುಷ್ಯನಿಗೆ ಎಲ್ಲದರಲ್ಲೂ ನಗೆ.

ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಚಂದವ್ವ ಒಲೆಯ ಮುಂದೆ ಹಾಗೇ ಕೂತಿದ್ದಳು, ಕೈಯಲ್ಲಿ ರೊಟ್ಟಿ ಹಿಟ್ಟು, ಕಣ್ಣು ಹೊಂಡದ ಕಡೆ. ಮದುವೆಯಾಗಿ ಬಂದಂದಿನಿಂದ ಅವಳ ಕಣ್ಣೆದುರು ಇದ್ದದ್ದು ಮಸಿ ಹಿಡಿದ ಗೋಡೆಯೊಂದೇ. ಅಲ್ಲಿ ಈಗ ಆಕಾಶ, ಬೇವಿನ ಮರ, ಖಾಲಿ ಹೊಂಡ.

“ಅಕ್ಕಾರ, ಆ ಗಿಡದಾಗ ಗಿಳಿ ಅದಾವಲ್ರಿ,” ಎಂದಳು. ಮನೆ ಬೀದಿಗೆ ಬಿದ್ದಿರುವಾಗ ಇವಳಿಗೆ ಗಿಳಿ.

ರಾವಸಾಬನಿಂದ ಮಾತು ತೆಗೆದುಕೊಂಡಿದ್ದೇನೆ. ಹೊಂಡದ ಕೆಲಸ ಮುಗಿದ ಕೂಡಲೇ ಅದೇ ಕಲ್ಲಿನಿಂದ, ಅದೇ ಎತ್ತರಕ್ಕೆ, ಅದೇ ಗೋಡೆ. “ಒಂದೊಂದ ಕಲ್ಲೂ ನನಗ ಬೇಕು,” ಎಂದು ದಸ್ತಗೀರಸಾಬನಿಗೆ ಹೇಳಿ, ನಾನೇ ನಿಂತು ಬೇವಿನ ಬುಡದಲ್ಲಿ ಒಟ್ಟಿಸಿದೆ.

೫ ಜುಲೈ

ಗೋಡೆ ಇದ್ದಲ್ಲಿ ಗೋಣಿ ತಟ್ಟುಗಳನ್ನು ಹೊಲಿದು ಪರದೆ ಕಟ್ಟಿಸಿದೆ. ಸಂಜೆಗೆ ಪಡುವಣ ಗಾಳಿ ಅದನ್ನು ಕಿತ್ತು ಪಕ್ಕದವರ ಮಾಳಿಗೆಗೆ ಹಾರಿಸಿತು. ಅವರು ಅದರಲ್ಲಿ ಸಗಣಿ ಕುಳ್ಳು ತುಂಬಿಟ್ಟುಕೊಂಡಿದ್ದಾರೆ. ಕೇಳಿದರೆ, “ನಮ್ಮದ ಅಂತ ತಿಳದಿದ್ವಿ” ಎನ್ನುತ್ತಾರೆ. ಈ ಊರಲ್ಲಿ ಗಾಳಿಗೂ ಮನುಷ್ಯರಿಗೂ ಮರ್ಯಾದೆ ಇಲ್ಲ.

೨೮ ಜುಲೈ

ಇವತ್ತು ಎರಡು ಅಸಹ್ಯಗಳು.

ಮೊದಲನೆಯದು ಮೀನು. ಹೊಂಡದ ಪಡುವಣ ದಂಡೆಗೆ ಸಿಮೆಂಟಿನದೊಂದು ಮೀನು ನಿಲ್ಲಿಸಿದ್ದಾರೆ. ಪಂಪು ಹಾಕಿದರೆ ಅದರ ಬಾಯಿಂದ ಹೊಂಡಕ್ಕೆ ನೀರು. ದಸ್ತಗೀರಸಾಬ ಮೀನನ್ನು ಯಾವಾಗ ನೋಡಿದ್ದನೋ, ಅದಕ್ಕೆ ತುಟಿ ಮಾಡಿದ್ದಾನೆ, ಹುಬ್ಬನ್ನೂ ಬರೆದಿದ್ದಾನೆ. ಸಾಲೆ ತಪಾಸಣೆಗೆ ಬಂದು ಊಟ ಮಾಡಿಕೊಂಡು ಹೋಗುತ್ತಿದ್ದ ಒಬ್ಬ ಸಾಹೇಬನ ಮುಖವೇ ಅದು. ನೀರು ಕಕ್ಕುವುದೂ ಹಾಗೇ. ಆದಿಲಶಾಹಿ ಅರಸರು ವಿಜಾಪುರಕ್ಕೆ ನೆಲದೊಳಗಿಂದ ನೀರು ತಂದು ಕಾರಂಜಿ ಚಿಮ್ಮಿಸಿದ ಜಿಲ್ಲೆಯಲ್ಲಿ ನಾವು ಈಗ ಇಲ್ಲಿಗೆ ಬಂದು ಮುಟ್ಟಿದ್ದೇವೆ.

ಎರಡನೆಯದು ಚಂದವ್ವ. ಮಧ್ಯಾಹ್ನದ ಕೆಲಸ ಮುಗಿಸಿ ಹೊಂಡದ ಮೆಟ್ಟಿಲ ಮೇಲೆ ಕೂತು, ಸೀರೆ ಮಡಚಿ, ಕಾಲನ್ನು ನೀರಿಗೆ ಇಳಿಬಿಟ್ಟಿದ್ದಳು. ಜೊತೆಗೆ ರೊಟ್ಟಿ ಬಡಿಯಲು ಬರುವ ಹೊನ್ನವ್ವ. ಇಬ್ಬರೂ ಸಾಲೆ ಹುಡುಗಿಯರ ಹಾಗೆ ಕಾಲು ಆಡಿಸುತ್ತಿದ್ದರು.

“ಏನಿದು ಚಂದವ್ವ?”

“ಕಾಲು ಉರೀತಿದ್ವು ಅಕ್ಕಾರ.”

“ಕಾಲು ಉರಿದ್ರ ಕೊಡದಾಗಿನ ನೀರು ಸುರುವಿಕೋಬೇಕು.”

ಹೊನ್ನವ್ವ, “ನೀವೂ ಬರ್ರಿ ಬಾಯಾರ, ಮೀನಾ ಏನೂ ಕಡ್ಯಾಂಗಿಲ್ಲ,” ಎಂದಳು. ನಾನು ಒಳಗೆ ಬಂದೆ.

ಗೋಡೆಯ ವಿಷಯ ಕೇಳಿದರೆ ರಾವಸಾಬ ಸಿಮೆಂಟಿನ ಪರ್ಮಿಟ್ಟು ಬರಬೇಕು ಎನ್ನುತ್ತಾನೆ. ಮೀನಿಗೆ ಪರ್ಮಿಟ್ಟು ಬಂದಿತ್ತು.

೧೧ ಆಗಸ್ಟ್

ಒಲೆಗಳ ಸಾಲು ಮುಗಿಯಿತು. ಸೊಂಟದೆತ್ತರದ ಪರಸಿ ಕಲ್ಲಿನ ಕಟ್ಟೆ, ಅದರ ಮೇಲೆ ಸಾಲಾಗಿ ಒಲೆ, ಮೇಲೆ ಚಪ್ಪರ. ನಿಂತು ಅಡಿಗೆ ಮಾಡಬೇಕಂತೆ. ಸೊಲ್ಲಾಪುರದಲ್ಲಿ ಹಾಗಂತೆ. ಗೌರಿ ಹುಣ್ಣಿಮೆಗೆ ಮಾದಲಿ ಮಾಡುವವರು ಕಾಲು ಬಾತು ಸಾಯಲಿ.

ಒಲೆ ಹಚ್ಚಿ ನೋಡುವ ಮೊದಲು ದಸ್ತಗೀರಸಾಬ ಹಿಡಿ ಹೊಟ್ಟು ಎತ್ತಿ ತೂರಿದ. ಅದು ಹೊಂಡವನ್ನು ಬಿಟ್ಟು ಮೂಡಣದ ಬಣವೆಗಳ ಕಡೆ ಹಾರಿತು.

“ನೋಡ್ರಿ ಸಾವ್ಕಾರ! ಹೊಗಿ ಎಲ್ಲಾ ಹಿಂದ ಹೊಲದಾಗ. ಹೊಂಡದ ಮ್ಯಾಲೆ ಕುಂತವರಿಗಿ ಒಂದ ಎಳಿ ಬರಾಂಗಿಲ್ಲ.”

ರಾವಸಾಬನ ಮುಖ ಅರಳಿತು. “ಹಂಗಾದ್ರ ಗೋಡಿ ಯಾಕ ಬೇಕು? ಬಂದವರು ನಮ್ಮ ಹೊಸಾ ಒಲಿ ನೋಡಲಿ. ಎಲ್ಲಾ ಬಯಲಾಗಿದ್ರನ ಚಂದ.”

ಕೊಟ್ಟ ಮಾತು ಹೊಟ್ಟಿನ ಜೊತೆ ಹಾರಿಹೋಯಿತು. ನಾನು ಜಗಳ ತೆಗೆದೆ. ಅತಿಥಿಗಳೆದುರು ಮನೆಯ ಸೊಸೆ ಸೆರಗು ಬಿಗಿದು ಒಲೆ ಊದುವುದೇ? ಅವನು, “ನೀ ಹಳೇ ಕಾಲದಾಕಿ ಅಕ್ಕ,” ಎಂದ. ನನಗೆ! ಈ ಊರಿಗೆ ಮೊದಲ ಕನ್ನಡ ಮಾಸಪತ್ರಿಕೆಯನ್ನು ಅಂಚೆಯಲ್ಲಿ ತರಿಸಿದವಳಿಗೆ!

೮ ಸೆಪ್ಟೆಂಬರ್

ಇಂದು ಬೆಳಿಗ್ಗೆ ಹಿಡಿದ ಪುಸ್ತಕವನ್ನು ಒಂದೇ ಬೈಠಕಿನಲ್ಲಿ ಮುಗಿಸಿದೆ. ಮುಗಿಸಿದ ಮೇಲೆ ಏನೋ ಸರಿಯಿಲ್ಲ ಎನ್ನಿಸಿತು. ಮನೆಯಲ್ಲಿ ಯಾವುದೋ ಸಾಮಾನು ಕಳುವಾದ ಹಾಗೆ. ಎದ್ದು ಕೋಣೆ ಕೋಣೆ ತಿರುಗಿದೆ. ಗಡಿಯಾರ ನಡೆಯುತ್ತಿತ್ತು. ಪಂಪೂ ನಡೆಯುತ್ತಿತ್ತು.

ಹಿತ್ತಲಿಗೆ ಹೋದೆ. ಚಂದವ್ವ ಒಲೆಯೆದುರು ನಿಂತು ಏನೋ ಗುನುಗುತ್ತಾ ಪುಂಡಿಪಲ್ಯ ತಿರುವುತ್ತಿದ್ದಳು. ಹೊಗೆ ಬಣವೆ ದಾಟಿ ಹೋಗುತ್ತಿತ್ತು.

“ಕೆಮ್ಮು ಎಲ್ಲಿ ಹೋತು ನಿನಗ?” ಎಂದೆ.

ಅವಳು ಗಾಬರಿಯಾದಳು, ಕದ್ದು ಸಿಕ್ಕಿಬಿದ್ದವರ ಹಾಗೆ. “ಗೊತ್ತಿಲ್ರಿ ಅಕ್ಕಾರ. ಶ್ರಾವಣ ಮುಗಿಯೂದ್ರಾಗ ಕಡಿಮಿ ಆತು.”

ಔಷಧ ಬದಲಿಸಿರಬೇಕು. ವಿಜಾಪುರದ ಡಾಕ್ಟರು ಹಿಂದೆಯೇ, “ಹೊಗೆಯಿಂದ ದೂರ ಇರಿ, ಇಲ್ಲದಿದ್ದರೆ ಈ ಎದೆ ಬಹಳ ದಿನ ನಡೆಯುವುದಿಲ್ಲ,” ಎಂದಿದ್ದರು. ಹೊಗೆಯಿಂದ ದೂರ ಇದ್ದು ರೊಟ್ಟಿ ಬೇಯಿಸುವ ವಿದ್ಯೆಯನ್ನು ಮಾತ್ರ ಅವರು ಹೇಳಿಕೊಡಲಿಲ್ಲ.

ನಮ್ಮವ್ವನೂ ಕೆಮ್ಮುತ್ತಿದ್ದಳು. ಅತಿಥಿಗಳು ಗೋಡೆಯ ಆಚೆಯಿಂದ, “ಒಳಗ ಯಾರೋ ಕೆಮ್ಮಾಕತ್ತಾರಲ್ರಿ ಗೌಡ್ರ?” ಎಂದರೆ ಅಪ್ಪ ನಕ್ಕು, “ಏನಿಲ್ರಿ, ಒಗ್ಗರಣಿ ಘಾಟು,” ಎನ್ನುತ್ತಿದ್ದ. ವರ್ಷಗಟ್ಟಲೆ ಒಗ್ಗರಣೆಯ ಘಾಟು. ಕೊನೆಗೆ ಅವಳು ಒಲೆಯ ಮುಂದೆಯೇ ಒರಗಿದಾಗ ಕಿಂಡಿಯಲ್ಲಿ ಯಾವನದೋ ಕೈ ಮಜ್ಜಿಗೆಗಾಗಿ ಕಾಯುತ್ತಿತ್ತು.

ಇದನ್ನು ಯಾಕೆ ಬರೆದೆನೋ. ಪುಸ್ತಕ ಸಾಧಾರಣ. ಭಾಷೆ ಸಡಿಲು.

೧೭ ಅಕ್ಟೋಬರ್

ಹೊಂಡದ ನೀಲಿ ಬಣ್ಣ ಬಿಡುತ್ತಿದೆ. ನಿನ್ನೆ ರಾವಸಾಬ ಈಜಿ ಎದ್ದಾಗ ಅವನ ಬೆನ್ನು ದಸರಾ ಗೊಂಬೆಯ ಹಾಗಿತ್ತು. ಬಣ್ಣದ ಅಂಗಡಿಯವನನ್ನು ಬೈಯುತ್ತಾನೆ.

ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ, ಚಂದವ್ವನಿಗೆ ಪತ್ರಿಕೆ ಓದಿ ಹೇಳಲು. ಕೋಣೆಯಲ್ಲಿ ಸೆಕೆ. ಬೇರೆ ಕಾರಣವಿಲ್ಲ. ನೀರಿನ ವಾಸನೆ ಇನ್ನೂ ಪೂರಾ ಹೋಗಿಲ್ಲ.

೨೨ ಡಿಸೆಂಬರ್

ಎಳ್ಳಮಾವಾಸ್ಯೆ ದಾಟಿದ ಮುಂದಿನ ರವಿವಾರ ಸೀತನಿ ಊಟ ಎಂದು ರಾವಸಾಬ ಸಾರಿದ್ದಾನೆ. ಹೊಲದಲ್ಲಿ ಹಾಲು ಕಟ್ಟಿದ ಜೋಳದ ತೆನೆ ತಂದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ ತಿನ್ನುವುದು ನಮ್ಮಲ್ಲಿ ಅನಾದಿಯಿಂದ ಹೊಲದ ಬದುವಿನ ಮೇಲೆ, ನೆಲದ ಮೇಲೆ ಕೂತು. ಇವನು ಅದನ್ನು ನೀಲಿ ಹೊಂಡದ ದಂಡೆಗೆ, ಕುರ್ಚಿಗೆ ಏರಿಸುತ್ತಾನೆ. ನೀರಾವರಿಯ ಇಂಜಿನಿಯರ ಸಾಹೇಬರು ಸಕುಟುಂಬ ಬರುತ್ತಾರಂತೆ. ಕಾಲುವೆಯ ಯಾವುದೋ ಕೆಲಸ ಅವರ ಕೈಯಲ್ಲಿದೆ. ಜೋಳವೂ ಈಗ ಲಂಚವಾಯಿತು.

ಇವತ್ತು ಅಂಗಳದಲ್ಲಿ ಹೊನ್ನವ್ವ ಹೆಸರುಕಾಳು ತೂರುತ್ತಿದ್ದಳು. ಪಡುವಣಕ್ಕೆ ಬೆನ್ನು ಮಾಡಿ ತೂರಲು ಹೋಗಿ, ಹೊಟ್ಟು ಮುಖಕ್ಕೆ ಬಡಿದು, ಬೈದುಕೊಂಡು ಮೂಡಣಕ್ಕೆ ಬೆನ್ನು ತಿರುಗಿಸಿದಳು. ಗಾಳಿ ತಿರುಗಿದೆ. ಮೂಡಗಾಳಿ ಶುರುವಾದರೆ ಸುಗ್ಗಿ ಮುಗಿಯುವವರೆಗೆ ಅದೇ. ಈ ಸೀಮೆಯಲ್ಲಿ ರಾಶಿ ಮಾಡಿದ ಯಾವನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ರಾವಸಾಬ ಹುಟ್ಟಿ ಬೆಳೆದದ್ದೇ ಕಣದಲ್ಲಿ. ದಸ್ತಗೀರಸಾಬನ ಮನೆಗೂ ಹೊಲವಿದೆ. ಆದರೆ ಒಲೆ ಹಾಕುವಾಗ ಇಬ್ಬರೂ ಆಷಾಢ ಶ್ರಾವಣದ ಗಾಳಿಯನ್ನು ನೋಡಿ ಹಾಕಿದರು. ಸಿಮೆಂಟು ಕೈಗೆ ಬಂದರೆ ಮನುಷ್ಯನಿಗೆ ತಾನು ಒಕ್ಕಲಿಗನೆಂಬುದು ಮರೆತುಹೋಗುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನಾನು ಹಳೇ ಕಾಲದವಳು.

೧೯ ಜನವರಿ ೧೯೭೫, ರವಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ಮುಂದೆ ಯಾರೂ ನಂಬುವುದಿಲ್ಲ.

ಸಾಹೇಬರು ಬಿಳಿ ಪಾಟಲೋನಿನಲ್ಲಿ ಬಂದರು. ಹೆಂಡತಿಯನ್ನೂ ಕರೆತಂದಿದ್ದರು, ದಪ್ಪ ಕನ್ನಡಕದ ಸಣಕಲು ಹೆಣ್ಣುಮಗಳು. ಹಿಂದೆ ಕಚೇರಿಯ ಮಂದಿ. ರಾವಸಾಬ ಪಂಪು ಹಾಕಿಸಿದ, ಮೀನು ಕಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಪಾಟಲೋನು ಮಡಚಿ ಮೆಟ್ಟಿಲಿಗೆ ಇಳಿದು, ನೀಲಿ ಪಾದಗಳೊಂದಿಗೆ ಮೇಲೆ ಬಂದು ಕುರ್ಚಿಯಲ್ಲಿ ಕೂತರು.

ಹೊನ್ನವ್ವ ತೆನೆ ಸುಡಲು ಕುಳ್ಳಿಗೆ ಕಿಚ್ಚು ಕೊಟ್ಟಳು. ಚಂದವ್ವ ಕಟ್ಟೆಯ ಮೇಲಿನ ಒಲೆಗಳಿಗೆಲ್ಲ ತೊಗರಿ ಕಟ್ಟಿಗೆ ತುಂಬಿದಳು. ಮೂಡಗಾಳಿ ನಮ್ಮ ಬೆನ್ನ ಹಿಂದಿನಿಂದ ತಣ್ಣಗೆ, ಒಂದೇ ಸಮನೆ ಬೀಸುತ್ತಿತ್ತು. ಹೊಗೆ ಎದ್ದಿತು, ಬಗ್ಗಿತು, ಗೋಡೆ ಇದ್ದ ಜಾಗವನ್ನು ದಾಟಿ ನೇರವಾಗಿ ಹೊಂಡದ ಮೇಲೆ ಮಲಗಿತು. ಮೊದಲು ಕುರ್ಚಿಗಳು ಮಸಕಾದವು, ಆಮೇಲೆ ಸಾಹೇಬರು, ಕೊನೆಗೆ ಮೀನು. ನಮ್ಮ ಕಡೆ ಒಂದು ಎಳೆಯೂ ಇಲ್ಲ.

ಹೊಗೆಯೊಳಗಿಂದ ಕೆಮ್ಮು ಕೇಳಿಸಿತು. ಮೊದಲು ಒಬ್ಬರದು, ಆಮೇಲೆ ಎಲ್ಲರದು. ಗಂಡಸರ ದಪ್ಪ ಕೆಮ್ಮು. ಅಂಥ ಕೆಮ್ಮನ್ನು ನಮ್ಮ ಹಿತ್ತಲು ಆ ದಿಕ್ಕಿನಿಂದ ಎಂದೂ ಕೇಳಿರಲಿಲ್ಲ.

“ಏನದು? ಏನ ಹೊಗಿ ಅದು?” ರಾವಸಾಬ ಕಣ್ಣು ತಿಕ್ಕುತ್ತಾ ಒದರಿದ.

ಆಗ ಚಂದವ್ವ, ಪರಗಂಡಸರ ಮುಂದೆ ಒಂದು ದಿನವೂ ಬಾಯಿ ಬಿಡದ ಚಂದವ್ವ, ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಏನಿಲ್ರಿ ಸಾಹೇಬ್ರ. ಒಗ್ಗರಣಿ ಘಾಟು.”

ನಾನು ಅವಳ ಮುಖ ನೋಡಿದೆ. ಈ ಮಾತನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳು ಸೊಸೆಯಾಗಿ ಬಂದಾಗ ಅಪ್ಪ ಇನ್ನೂ ಇದ್ದ. ಅವಳ ಕೆಮ್ಮಿಗೂ ಅದೇ ಉತ್ತರ ಕೊಟ್ಟಿರಬೇಕು.

ಹೊಗೆಯಿಂದ ಮೊದಲು ಹೊರಗೆ ಬಂದವಳು ಸಾಹೇಬರ ಹೆಂಡತಿ. ಕನ್ನಡಕ ಒರೆಸಿಕೊಳ್ಳುತ್ತಾ ನೇರ ನಮ್ಮ ಕಡೆ ಬಂದು, “ಇಲ್ಲಿ ಎಷ್ಟ ಚಲೋ ಗಾಳಿ ಐತ್ರಿ!” ಎಂದು ನೆಲದ ಮೇಲೆ ಕೂತುಬಿಟ್ಟಳು. ಹೊನ್ನವ್ವ ಅವಳಿಗೆ ಬಿಸಿ ತೆನೆ ತಿಕ್ಕುವುದನ್ನು ತೋರಿಸಿದಳು. ಅಂಗೈ ಸುಟ್ಟುಕೊಂಡು ಕಿರುಚಿದಳು, ನಕ್ಕಳು, ಮತ್ತೆ ತಿಕ್ಕಿದಳು. ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ನಾನೂ ತಿಂದೆ. ಜೋಳ ಈ ವರ್ಷ ಸಿಹಿಯಾಗಿದೆ.

ಸಾಹೇಬರು ಜೀಪು ಹತ್ತುವಾಗ ಕಣ್ಣು ಕೆಂಪು, ಪಾದ ನೀಲಿ.

೨೧ ಜನವರಿ

ಬೆಳಿಗ್ಗೆ ದಸ್ತಗೀರಸಾಬ ಹಾರೆ, ದಾರ ಹಿಡಿದು ಬಂದ. ರಾವಸಾಬನ ಹುಕುಂ: ಇವತ್ತೇ ಗೋಡೆ ಎದ್ದೇಳಬೇಕು, ಮೊದಲಿಗಿಂತ ಎತ್ತರ, ಕಿಂಡಿಯೂ ಬೇಡ. ಇಂಜಿನಿಯರರ ಮುಂದಿನ ಊಟಕ್ಕೆ ಒಂದು ಎಳೆ ಹೊಗೆ ಈ ಕಡೆ ಬರಕೂಡದು.

ಚಂದವ್ವ ಒಲೆಯ ಮುಂದಿನಿಂದ ಸರಿದು ಹೋಗಿ, ಬೇವಿನ ಬುಡದ ಕಲ್ಲಿನ ರಾಶಿಯ ಮೇಲೆ ಕೂತಳು. ದಾರ ಕಟ್ಟುವುದನ್ನು ನೋಡುತ್ತಾ ಕೂತಳು. ನನಗೆ ಏನಾಯಿತೋ, ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ.

“ಏಳ್ರಿ ಬಾಯಾರ, ಕಲ್ಲು ಬೇಕು,” ಎಂದ ದಸ್ತಗೀರಸಾಬ.

“ಕಲ್ಲು ನನ್ನವು.”

ರಾವಸಾಬ ಓಡಿ ಬಂದ. “ಅಕ್ಕ, ನೀನ ಅಲ್ಲೇನು ಗೋಡಿ ಬೇಕು ಅಂತ ಮನಿ ತಲೀ ಮ್ಯಾಲೆ ಹೊತ್ತಾಕಿ?”

“ನಾನು? ನಾ ಯಾವಾಗ ಅಂದೇನಿ?”

“ಊರ ಮಂದಿ ಕೇಳ್ಯಾರ! ಒಂದೊಂದ ಕಲ್ಲೂ ಬೇಕು ಅಂದಿ!”

“ಕಲ್ಲು ಬೇಕು ಅಂದೇನಿ. ಈಗೂ ಅಂತೇನಿ. ಕುಂತೇನಲ್ಲ ಅದರ ಮ್ಯಾಲೆ.”

ದಸ್ತಗೀರಸಾಬ ಮುಖ ತಿರುಗಿಸಿ ನಕ್ಕ. ರಾವಸಾಬನಿಗೆ ಸಿಟ್ಟು ಏರಿತು. “ಹೊಗಿ ಯಾರು ಕುಡೀಬೇಕು ಹಂಗಾದ್ರ? ಸಾಹೇಬ್ರು ಕುಡೀಬೇಕೇನು?”

“ಸಾಹೇಬ್ರು ಒಂದ ದಿನ ಕುಡದಾರ. ಜೀಪ ಹತ್ತಿ ಹೋಗ್ಯಾರ. ರಾವಸಾಬ, ಅವ್ವ ಯಾತರಿಂದ ಸತ್ಳು?”

ಅವನ ಕಣ್ಣು ಹೊಂಡದ ಕಡೆ ಹೋಯಿತು. ಅವ್ವ ಹೋದಾಗ ಅವನು ಹೊಂಡದಲ್ಲಿದ್ದ, ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು. ಒದ್ದೆ ಮೈಯಲ್ಲಿ ಓಡಿ ಬಂದು ಕಿಂಡಿಯಲ್ಲಿ ಮುಖ ಇಟ್ಟು “ಅವ್ವಾ” ಎಂದು ಕರೆದವನು ಅವನೇ. ಆ ಮುಖ ಇಂದು ಒಂದು ಗಳಿಗೆ ಬಂದುಹೋಯಿತು, ಈ ದಪ್ಪ ಮೀಸೆಯ ಹಿಂದಿನಿಂದ.

“ಗೋಡಿ ಕಟ್ಟಿಸ್ರಿ,” ಎಂದಳು ಚಂದವ್ವ ಮೆಲ್ಲಗೆ. “ನಾ ಬ್ಯಾಡ ಅನ್ನಾಂಗಿಲ್ಲ. ಈ ಕಡೆ ಕುಂತು ನಾ ಗಿಳಿ ನೋಡ್ತೇನಿ. ಆ ಕಡೆ ಒಲಿ ಮುಂದ ನೀವು ಕುಂಡ್ರಿ.”

ಮೀನಿನ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಕುರ್ಚಿ ಬ್ಯಾರೆ ಕಡೆ ಹಾಕಸ್ತೇನಿ,” ಎಂದ ರಾವಸಾಬ ಕೊನೆಗೆ, ನಮ್ಮನ್ನು ನೋಡದೆ. ದಸ್ತಗೀರಸಾಬನಿಗೆ, “ಆ ಕಲ್ಲಿಗಿ ಏನ ಮಾಡ್ತಿ ಮಾಡು. ಬಾಯಾರನ್ನ ಕೇಳು,” ಎಂದು ಹೇಳಿ ಹೊರಟುಹೋದ.

ನಾನು ಕೆಳಗಿನ ಮೆಟ್ಟಿಲಿನ ಪಕ್ಕದಲ್ಲಿ, ನೀರಿಗೆ ತಾಗುವ ಹಾಗೆ, ಕೂರಲು ಒಂದು ತಗ್ಗಿನ ಕಟ್ಟೆ ಕಟ್ಟಲು ಹೇಳಿದೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಆ ಗೋಡೆಯನ್ನು ನಾನು ಮೊದಲಿನಿಂದಲೂ ವಿರೋಧಿಸುತ್ತಲೇ ಬಂದಿದ್ದೇನೆ. ಜನರ ನೆನಪು ಬಹಳ ಗಿಡ್ಡ. ನನ್ನದು ಹಾಗಲ್ಲ.

೧೪ ಫೆಬ್ರುವರಿ

ಕಟ್ಟೆ ಮುಗಿದಿದೆ. ಸೊಟ್ಟಗಿದೆ. ದಸ್ತಗೀರಸಾಬನಿಂದ ನೆಟ್ಟಗಿನದನ್ನು ಬಯಸಿದ್ದೇ ತಪ್ಪು. ಮೀನು ಇನ್ನೂ ಅಲ್ಲೇ ಇದೆ, ಎದುರಿಗೇ, ತುಟಿ ಚಾಚಿಕೊಂಡು. ನೀರು ತಣ್ಣಗೆ, ಬಿಸಿಲು ಕಣ್ಣಿಗೆ, ಹೊನ್ನವ್ವನ ಮಾತಿಗೆ ಕೊನೆಯಿಲ್ಲ, ಚಂದವ್ವ ಹಾಡುವುದು ಅಪಸ್ವರ. ಓದಲು ಒಯ್ದ ಪುಸ್ತಕ ಒದ್ದೆಯಾಗುತ್ತದೆ.

ಎಲ್ಲಕ್ಕಿಂತ ಅಸಹ್ಯವೆಂದರೆ ಆ ಬಣ್ಣ. ಹಿಮ್ಮಡಿ, ಬೆರಳಸಂದು, ಎಲ್ಲಾ ನೀಲಿ. ದಿನವೂ ಕಲ್ಲಿಗೆ ಹಾಕಿ ತಿಕ್ಕುತ್ತೇನೆ. ದಿನವೂ ಮತ್ತೆ ಹತ್ತುತ್ತದೆ.